ಹದಿನಾರು ಇಂಗಾಲದ ಬಾಲ

ಪ್ಲೇಟುಗಳು ತೀರಾ ಚೊಕ್ಕಟವಾಗಿದ್ದವು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು. ಇಷ್ಟು ವರ್ಷ ಬ್ಯಾಕ್ಟೀರಿಯಾಗಳ ಜೊತೆ ಏಗಿದವಳು ನಾನು. ಅವು ಅಷ್ಟು ಸಲೀಸಾಗಿ ಸಾಯುವ ಜಾತಿಯಲ್ಲ ಎಂಬುದು ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? ಆದರೆ ಗೆದ್ದ ಖುಷಿಯಲ್ಲಿರುವವರಿಗೆ ಅನುಮಾನ ಹತ್ತಿರ ಸುಳಿಯುವುದಿಲ್ಲ. ಪ್ಲೇಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಒಂದು ಚುಕ್ಕೆಯೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಸಾಲಾಗಿ ಸೊನ್ನೆಗಳನ್ನು ಬರೆದು, ಕೆಳಗೆ ಸಹಿ ಹಾಕಿ, ಕ್ಯಾಂಟೀನಿಗೆ ಹೋಗಿ ಕಾಫಿ ಕುಡಿದೆ.

ಪೋರೂರು ಕೆರೆಯ ಹಿಂದಿನ ಒಂದು ಗಲ್ಲಿಯಲ್ಲಿದೆ ನಮ್ಮ ಲ್ಯಾಬು. ಕೆಳಗಿನ ಮಹಡಿ ಕೆಮಿಸ್ಟ್ರಿಯವರದು, ಮೇಲಿನದು ನನ್ನದು. ಕೆಳಗೆ ಹೊಸ ಕಾಂಪೌಂಡುಗಳು, ಅಂದರೆ ರಾಸಾಯನಿಕ ಸಂಯುಕ್ತಗಳು, ತಯಾರಾಗುತ್ತವೆ. ಅವನ್ನು ಬ್ಯಾಕ್ಟೀರಿಯಾಗಳ ಮೇಲೆ ಬಿಟ್ಟು ಸಾಯುತ್ತವೋ ಬದುಕುತ್ತವೋ ನೋಡುವುದು ನನ್ನ ಕೆಲಸ. ಆ ವರ್ಷ ಕೈಗೆತ್ತಿಕೊಂಡಿದ್ದು ಆಸ್ಪತ್ರೆಯ ನೆಲ, ಟ್ರಾಲಿ, ಮಂಚದ ಕಂಬಿಗಳನ್ನು ಒರೆಸುವ ಸೋಂಕುನಾಶಕ. ಅದರಲ್ಲೂ ಸುಟ್ಟಗಾಯದ ವಾರ್ಡಿಗಾಗಿ.

ಈ ಜಾತಿಯ ಅಣುವಿಗೆ ಒಂದು ತಲೆ, ಒಂದು ಬಾಲ. ತಲೆಯಲ್ಲಿರುವ ಸಾರಜನಕ ಧನ ವಿದ್ಯುದಂಶ ಹೊತ್ತಿರುತ್ತದೆ. ಬಾಲವೆಂದರೆ ಇಂಗಾಲದ ಸರಪಳಿ, ಎಣ್ಣೆಯ ಸ್ವಭಾವದ್ದು. ಬ್ಯಾಕ್ಟೀರಿಯಾದ ಮೈಮೇಲೆ ಋಣ ವಿದ್ಯುದಂಶ ಇರುವುದರಿಂದ ತಲೆ ಹೋಗಿ ಅಲ್ಲಿ ಅಂಟಿಕೊಳ್ಳುತ್ತದೆ. ಬಾಲ ಅದರ ಪೊರೆಯೊಳಕ್ಕೆ ನುಗ್ಗುತ್ತದೆ. ಪೊರೆ ಹರಿದು ಒಳಗಿನದೆಲ್ಲ ಹೊರಗೆ ಚೆಲ್ಲಿಹೋಗುತ್ತದೆ. ಇಲ್ಲಿ ಆಟವೆಲ್ಲ ಬಾಲದ ಉದ್ದದ್ದು. ಎಂಟು ಇಂಗಾಲದ ಬಾಲ ಮೋಟು, ಪೊರೆಯನ್ನು ಸರಿಯಾಗಿ ಚುಚ್ಚುವುದಿಲ್ಲ. ಹನ್ನೆರಡು, ಹದಿನಾಲ್ಕು ಹದವಾದದ್ದು. ಹದಿನಾರಕ್ಕೆ ಹೋದರೆ ಅಣುಗಳು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡು ಕೂರುತ್ತವೆ, ಬ್ಯಾಕ್ಟೀರಿಯಾದ ಕಡೆ ಹೋಗುವುದು ಕಡಿಮೆ. ಎಲ್ಲ ಪುಸ್ತಕಗಳಲ್ಲೂ ಇರುವುದು ಇಷ್ಟೇ.

ಕೆಳಗಿನ ಮಹಡಿಯ ಹಿರಿಯ ಕೆಮಿಸ್ಟ್ ಈ ಪುಸ್ತಕದ ಮಾತಿಗೆ ಸೊಪ್ಪು ಹಾಕುವವರಲ್ಲ. ಅವರು ಎರಡು ತಲೆ, ಎರಡು ಬಾಲದ ಅಣು ಕಟ್ಟಿದ್ದರು, ಒಂದೊಂದು ಬಾಲಕ್ಕೂ ಹದಿನಾರು ಇಂಗಾಲ. ಕುಂದಾಪುರದ ಕಡೆಯವರು. ಅಜ್ಜನ ಕಾಲದಿಂದ ಟಿ. ನಗರದಲ್ಲಿ ಹೋಟೆಲ್ ನಡೆಸುವ ಮನೆತನ. ಅಣ್ಣತಮ್ಮಂದಿರೆಲ್ಲ ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಇವರೊಬ್ಬರು ಫ್ಲಾಸ್ಕು ಹಿಡಿದವರು. ಮಾರ್ಚಿಗೆ ನಿವೃತ್ತಿ. ಹೋಗುವ ಮುಂಚೆ ತಾನು ಕಟ್ಟಿದ್ದೊಂದು ಬಾಟಲಿಯಲ್ಲಿ ತುಂಬಿ ಹೊರಗೆ ಹೋಗಲಿ ಎಂಬುದು ಅವರ ಆಸೆ. ದಿನಕ್ಕೆ ಮೂರು ಸಲ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು.

"ಎಂತ ಮಾರಾಯ್ತಿ, ಸತ್ತ್ವಾ ಅವು?"

"ನಿಮ್ಮ ಮುಖಾ ನೋಡೇ ಅರ್ಧ ಸತ್ತ್ವು ನೋಡ್ರಿ ಸರ್."

ನಾನು ಪೆರಂಬೂರಿನ ರೈಲ್ವೆ ಕಾಲೊನಿಯಲ್ಲಿ ಬೆಳೆದ ಧಾರವಾಡದ ಮನೆಯವಳು. ನಾವಿಬ್ಬರೂ ಮಾತಿಗೆ ನಿಂತರೆ ಲ್ಯಾಬಿನ ತಮಿಳು ಹುಡುಗಿಯರು, 'ಮೇಡಂ, ಇಬ್ಬರೂ ಆಡ್ತಿರೋದು ಒಂದೇ ಭಾಷೆನಾ?' ಎಂದು ಕೇಳಿ ನಗುತ್ತಿದ್ದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಅದನ್ನು ಬಿಡಿಸಿ ಹೇಳದಿದ್ದರೆ ಮುಂದಿನದಕ್ಕೆ ಅರ್ಥವಿಲ್ಲ. ಬ್ಯಾಕ್ಟೀರಿಯಾ ತುಂಬಿದ ನೀರಿಗೆ ಕಾಂಪೌಂಡ್ ಹಾಕಿ ಐದು ನಿಮಿಷ ಬಿಡುತ್ತೇವೆ. ಆಮೇಲೆ ಅದರಿಂದ ಒಂದಿಷ್ಟು ತೆಗೆದು, ಆಹಾರ ಹಾಕಿದ ಪ್ಲೇಟಿನ ಮೇಲೆ ಹರಡುತ್ತೇವೆ. ಬದುಕಿದವು ಮರುದಿನಕ್ಕೆ ಚುಕ್ಕೆಗಳಾಗಿ ಮೇಲೇಳುತ್ತವೆ. ಆದರೆ ಆ ಹನಿಯ ಜೊತೆ ಕಾಂಪೌಂಡೂ ಪ್ಲೇಟಿಗೆ ಹೋಗಿ ಕೂರುತ್ತದಲ್ಲ? ಅದಕ್ಕೇ ಪ್ಲೇಟಿಗೆ ಹಾಕುವ ಮುಂಚೆ ಸೋಯಾ ಲೆಸಿಥಿನ್ ಬೆರೆಸಿದ ನ್ಯೂಟ್ರಲೈಸರ್ ಹಾಕಿ ಕಾಂಪೌಂಡಿನ ಕೈ ಕಟ್ಟಬೇಕು. ಸರಿಯಾಗಿ ಕಟ್ಟದಿದ್ದರೆ ಅದು ಪ್ಲೇಟಿನ ಮೇಲೂ ಬ್ಯಾಕ್ಟೀರಿಯಾಗಳನ್ನು ಅದುಮಿ ಹಿಡಿಯುತ್ತದೆ. ಅವು ಸತ್ತಿರುವುದಿಲ್ಲ, ಏಳಲಾಗದೆ ಬಿದ್ದಿರುತ್ತವೆ ಅಷ್ಟೆ. ನೋಡುವವರಿಗೆ ಎರಡೂ ಒಂದೇ.

ಹಾಗಾಗಿ ಹೊಸ ಕಾಂಪೌಂಡ್ ಬಂದಾಗಲೆಲ್ಲ ನ್ಯೂಟ್ರಲೈಸರ್ ಅದಕ್ಕೆ ಸಾಕಾಗುತ್ತದೋ ಇಲ್ಲವೋ ಬೇರೆಯಾಗಿ ಪರೀಕ್ಷೆ ಮಾಡಬೇಕು. ಎರಡು ದಿನದ ಕೆಲಸ. ನಾನು ಅದನ್ನು ಹನ್ನೆರಡು ಇಂಗಾಲದ್ದಕ್ಕೆ ಮಾಡಿದ್ದೆ. ಎಲ್ಲ ಒಂದೇ ಮನೆತನದ ಅಣುಗಳು, ಬಾಲ ಒಂಚೂರು ಉದ್ದ ಅಷ್ಟೆ, ಮತ್ತೆ ಮತ್ತೆ ಯಾಕೆ ಎಂದುಕೊಂಡು ಉಳಿದವಕ್ಕೆಲ್ಲ 'ಹಿಂದಿನಂತೆ' ಎಂದು ಬರೆದು ಟಿಕ್ ಹಾಕಿದ್ದೆ. ಕೆಮಿಸ್ಟ್ ಅವಸರ ಮಾಡುತ್ತಿದ್ದರು ನಿಜ. ಆದರೆ ಟಿಕ್ ಹಾಕಿದ ಪೆನ್ನು ನನ್ನ ಕೈಯಲ್ಲಿತ್ತು. ಇನ್ನೊಬ್ಬರ ಮೇಲೆ ಹಾಕಿ ಕೈತೊಳೆದುಕೊಳ್ಳಲು ಇಲ್ಲಿ ಏನೂ ಇಲ್ಲ.

ನನ್ನ ವರದಿ ಹೋಯಿತು. ನಗರದ ಒಂದು ಆಸ್ಪತ್ರೆಯ ಸೋಂಕು ನಿಯಂತ್ರಣ ಸಮಿತಿ ಅದನ್ನು ಓದಿ, ಸುಟ್ಟಗಾಯದ ವಾರ್ಡಿನಲ್ಲಿ ಪ್ರಾಯೋಗಿಕವಾಗಿ ಬಳಸಲು ಒಪ್ಪಿತು. ರೋಗಿಯ ಮೈಗೆ ಸೋಕಿಸುವ ಹಾಗಿಲ್ಲ, ನೆಲ ಮತ್ತು ಸಾಮಾನುಗಳಿಗೆ ಮಾತ್ರ. ಪೊಂಗಲ್ ಹಬ್ಬಕ್ಕೆ ಸ್ವಲ್ಪ ಮುಂಚೆ ಮೊದಲ ಕ್ಯಾನುಗಳು ವ್ಯಾನಿನಲ್ಲಿ ಹೋದವು. ಕೆಮಿಸ್ಟ್ ಅವತ್ತು ತಮ್ಮ ಹೋಟೆಲಿನಿಂದ ಎಲ್ಲರಿಗೂ ಬಾದುಷಾ ತರಿಸಿದ್ದರು.

ಕಳಿಸುವ ಒಂದೊಂದು ಬ್ಯಾಚನ್ನೂ ಮತ್ತೊಮ್ಮೆ ಪರೀಕ್ಷೆ ಮಾಡುವುದು ನಮ್ಮ ಪದ್ಧತಿ. ಎರಡನೇ ಬ್ಯಾಚಿನ ಪ್ಲೇಟುಗಳನ್ನು ಪೊಂಗಲ್ ಮುನ್ನಾದಿನದ ಭೋಗಿಗೂ ಒಂದು ದಿನ ಮುಂಚೆ ಓದಿದೆ. ಮತ್ತೆ ಸೊನ್ನೆ. ಪ್ಲೇಟುಗಳನ್ನು ಓದಿದ ದಿನವೇ ಆಟೊಕ್ಲೇವಿನ ಹಬೆಯಲ್ಲಿ ಬೇಯಿಸಿ ಎಸೆಯಬೇಕು, ಒಂದನ್ನೂ ಉಳಿಸಬಾರದು ಎಂಬುದು ಲ್ಯಾಬಿನಲ್ಲಿ ನಾನೇ ಮಾಡಿದ ಕಟ್ಟುನಿಟ್ಟು. ಯಾರಾದರೂ ಉಳಿಸಿದರೆ ರೇಗಾಡುತ್ತಿದ್ದೆ. ಆದರೆ ಅವತ್ತು ಆಟೊಕ್ಲೇವ್ ನೋಡಿಕೊಳ್ಳುವವರು ಮಧ್ಯಾಹ್ನವೇ ಊರಿನ ಬಸ್ಸು ಹಿಡಿದಿದ್ದರು. ನಾನೂ ಮನೆಗೆ ಕಬ್ಬು, ಅರಿಶಿನದ ಗಿಡ ಕೊಳ್ಳುವ ಗಡಿಬಿಡಿಯಲ್ಲಿದ್ದೆ. ಪ್ಲೇಟುಗಳು ಇನ್‌ಕ್ಯುಬೇಟರಿನ ಕೆಳಗಿನ ಹಲಗೆಯ ಮೇಲೆ ಬೆಚ್ಚಗೆ ಉಳಿದುಬಿಟ್ಟವು.

ಹಬ್ಬ ಮುಗಿಸಿ ಬಂದ ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆದೆ. ಮೊದಲು ಬಂದದ್ದು ವಾಸನೆ. ಸಿಹಿ ವಾಸನೆ, ಕಳಿತ ದ್ರಾಕ್ಷಿಯದು. ಈ ವಾಸನೆ ಬರುವುದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾದಿಂದ. ಸುಟ್ಟಗಾಯವೆಂದರೆ ಅದಕ್ಕೆ ಪ್ರಾಣ. ನಾವು ಕೊಂದಿದ್ದೇವೆಂದು ಬರೆದುಕೊಟ್ಟದ್ದೂ ಅದನ್ನೇ. ಬಗ್ಗಿ ನೋಡಿದೆ. ಸೊನ್ನೆ ಎಂದು ನಾನೇ ಮಾರ್ಕರಿನಲ್ಲಿ ಬರೆದಿದ್ದ ಪ್ಲೇಟುಗಳೊಳಗೆ ಹಸಿರು ಮಿನುಗುವ ಚುಕ್ಕೆಗಳು ಎದ್ದಿದ್ದವು. ಅಂಚಿನಲ್ಲಿ ಒತ್ತೊತ್ತಾಗಿ, ನಡುವೆ ಅಲ್ಲೊಂದು ಇಲ್ಲೊಂದು. ನಾಲ್ಕು ದಿನದಲ್ಲಿ ಕಾಂಪೌಂಡಿನ ಹಿಡಿತ ಸಡಿಲಿ, ಬಿದ್ದಿದ್ದವು ಎದ್ದು ಕೂತಿದ್ದವು.

ಹೆದರಿಕೆ ಎಂದರೆ ನಿಜವಾದ ಹೆದರಿಕೆ. ಸ್ಮಶಾನದಲ್ಲಿ ಸುಟ್ಟು ಬಂದ ಹೆಣವೇ ಎದ್ದು ಬಂದು ಬಾಗಿಲು ತಟ್ಟಿದರೆ ಹೇಗಾಗಬೇಡ, ಹಾಗೆ. ಬಾಗಿಲು ಮುಚ್ಚಿ, ಮತ್ತೆ ತೆಗೆದು ನೋಡಿದೆ. ಇದ್ದವು.

ಕೆಮಿಸ್ಟರನ್ನು ಮೇಲೆ ಕರೆದೆ. ಬರುವಾಗ ನಗುತ್ತಲೇ ಬಂದರು.

"ಎಂತ, ಪೊಂಗಲ್ ಊಟ ಹೆಚ್ಚಾಯ್ತಾ? ಮುಖ ಯಾಕೆ ಹೀಗುಂಟು?"

"ನೋಡ್ರಿಲ್ಲೆ ಸರ್," ಎಂದು ಪ್ಲೇಟನ್ನು ಕೈಗೆ ಕೊಟ್ಟೆ.

ಕನ್ನಡಕ ಹಣೆಗೇರಿಸಿ ತುಂಬಾ ಹೊತ್ತು ನೋಡಿದರು. "ಹೊರಗಿಂದ ಬಿದ್ದದ್ದು ಇರ್ಬೇಕು ಪಾ. ರಜೆಯಲ್ಲಿ ಕರೆಂಟ್ ಹೋಗಿರ್ಬಹುದು. ಯಾರೋ ಬಾಗಿಲು ತೆಗೆದಿರ್ಬಹುದು."

"ಎಲ್ಲಾ ಪ್ಲೇಟಿನಾಗೂ? ಎಲ್ಲಾ ಒಂದ ಜಾತಿದು? ಬ್ಯಾಕ್ಟೀರಿಯಾ ಹಾಕದ ಇಟ್ಟ ಖಾಲಿ ಪ್ಲೇಟ್ ನೋಡ್ರಿ, ಅದರಾಗ ಏನೂ ಇಲ್ಲ. ಸರ್, ಇವು ಸತ್ತೇ ಇದ್ದಿಲ್ಲ. ನ್ಯೂಟ್ರಲೈಸರ್ ಸಾಕಾಗಿಲ್ಲ. ನಾ ಚೆಕ್ ಮಾಡಿಲ್ಲ."

ಅವರು ಪ್ಲೇಟನ್ನು ಮೇಜಿನ ಮೇಲಿಟ್ಟು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು.

ವಾರ್ಡಿನಲ್ಲಿ ಆ ನೀರು ಬಳಸತೊಡಗಿ ಅಂದಿಗೆ ಎಂಟು ದಿನ. ನಾನು ಫೋನಿನ ಕಡೆ ಕೈ ಚಾಚಿದೆ. ಅಷ್ಟರಲ್ಲಿ ಲ್ಯಾಬಿನ ಡೈರೆಕ್ಟರ್ ಬಂದರು. ಇಬ್ಬರೂ ಸೇರಿ ಹೇಳಿದ್ದು ಒಂದೇ ಮಾತು: ಮೊದಲು ಖಾತ್ರಿ ಮಾಡಿಕೊಳ್ಳೋಣ, ಒಂದು ದಿನದ್ದು ತಾನೇ. ಸುಮ್ಮನೆ ಹುಯಿಲೆಬ್ಬಿಸಿ, ನಾಳೆ ಅದು ಕಂಟಾಮಿನೇಷನ್ ಎಂದಾದರೆ ನಮ್ಮ ಮರ್ಯಾದೆ ಏನು? "ಕೊಂಜಂ ಪೊರುಮೈಯಾ ಇರು, ಮಾರಾಯ್ತಿ," ಎಂದರು ಕೆಮಿಸ್ಟ್, ಸ್ವಲ್ಪ ತಾಳ್ಮೆಯಿಂದಿರು ಎಂದು.

ನಾನು ಒಪ್ಪಿದೆ. ಇದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೂ ಬರೆಯುತ್ತೇನೆ. ವಿಜ್ಞಾನದ ಶಿಸ್ತು ಹಾಗೇ ಹೇಳುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಒಳಗೆ ಇದ್ದದ್ದು ಶಿಸ್ತಲ್ಲ. ಇದು ಸುಳ್ಳಾಗಲಿ, ಕರೆಂಟು ಹೋಗಿರಲಿ, ಯಾರೋ ಬಾಗಿಲು ತೆಗೆದಿರಲಿ ಎಂಬ ಹರಕೆ. ನನ್ನ ಜಂಬಕ್ಕೆ ಒಂದು ದಿನದ ಅವಧಿ ಬೇಕಿತ್ತು.

ಈ ಸಲ ನ್ಯೂಟ್ರಲೈಸರನ್ನು ನಂಬಲಿಲ್ಲ. ಬ್ಯಾಕ್ಟೀರಿಯಾ, ಕಾಂಪೌಂಡ್ ಎರಡೂ ಇದ್ದ ನೀರನ್ನು ಐದು ನಿಮಿಷದ ನಂತರ ತೆಳ್ಳನೆಯ ಫಿಲ್ಟರ್ ಹಾಳೆಯ ಮೂಲಕ ಎಳೆದೆ. ಬ್ಯಾಕ್ಟೀರಿಯಾ ಹಾಳೆಯ ಮೇಲೆ ಉಳಿಯುತ್ತದೆ, ಕಾಂಪೌಂಡ್ ಕೆಳಗೆ ಹೋಗುತ್ತದೆ. ಆದರೆ ಈ ಹದಿನಾರರ ಬಾಲ ಹಾಳೆಗೂ ಅಂಟುತ್ತದೆ. ಹಾಗಾಗಿ ಲೆಸಿಥಿನ್ ದುಪ್ಪಟ್ಟು ಹಾಕಿದ ದ್ರಾವಣದಿಂದ ಮತ್ತೆ ಮತ್ತೆ ತೊಳೆದೆ. ಆಮೇಲೆ ಹಾಳೆಯನ್ನೇ ಎತ್ತಿ ಪ್ಲೇಟಿನ ಮೇಲೆ ಹಾಸಿದೆ. ಪಕ್ಕದಲ್ಲಿ ಹದಿನಾಲ್ಕರದ್ದನ್ನೂ ಹನ್ನೆರಡರದ್ದನ್ನೂ ಅದೇ ರೀತಿ ಮಾಡಿದೆ. ಕೆಮಿಸ್ಟ್ ಇಡೀ ಹೊತ್ತು ಸ್ಟೂಲಿನ ಮೇಲೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಹನ್ನೆರಡರ ಪ್ಲೇಟಿನಲ್ಲಿ ಬೆರಳೆಣಿಕೆಯಷ್ಟು ಚುಕ್ಕೆಗಳು. ಹದಿನಾಲ್ಕರದ್ದು ಖಾಲಿ. ಹದಿನಾರರದ್ದರ ತುಂಬ ಹಸಿರು ಚುಕ್ಕೆಗಳು. ಕೆಮಿಸ್ಟ್ ಪೆನ್ನು ತೆಗೆದುಕೊಂಡು ಪ್ಲೇಟಿನ ಹಿಂಬದಿಯಲ್ಲಿ ಒಂದೊಂದೇ ಚುಕ್ಕೆಗೆ ಗುರುತು ಹಾಕುತ್ತಾ ಎಣಿಸತೊಡಗಿದರು. ನಲವತ್ತರ ಹತ್ತಿರ ಬಂದಾಗ ನಿಲ್ಲಿಸಿ ಪೆನ್ನಿನ ಮುಚ್ಚಳ ಹಾಕಿದರು.

"ಬಾಲ ಉದ್ದ ಮಾಡಿದ್ದು ನಾನು," ಎಂದರು.

"ಸಹಿ ಹಾಕಿದಾಕಿ ನಾನ್ರಿ ಸರ್."

ಅಷ್ಟು ವರ್ಷದಲ್ಲಿ ಮೊದಲ ಸಲ ಅವರು ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೊಂಡು ಇಳಿದರು.

ವಾರ್ಡಿಗೆ ಫೋನ್ ಮಾಡಿದೆ. ವಾರ್ಡ್ ಸಿಸ್ಟರ್ ದೊಡ್ಡ ದನಿಯ ಹೆಂಗಸು, ಮೊದಲ ದಿನ ಕ್ಯಾನುಗಳನ್ನು ಇಳಿಸಿಕೊಂಡವರು ಅವರೇ. ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಯಾವಾಗ ಗೊತ್ತಾಯಿತು ಮೇಡಂ?" 'ಈಗಷ್ಟೇ' ಎಂದು ಬಾಯಿಗೆ ಬಂದಿತ್ತು. "ನಿನ್ನೆ," ಎಂದೆ. ಅವರು ಆ ಕಡೆ ಯಾರನ್ನೋ ಕೂಗಿ ಬಕೆಟುಗಳನ್ನೆಲ್ಲ ಹೊರಗಿಡಿ ಎಂದರು.

ಮಧ್ಯಾಹ್ನ ಸ್ವಾಬ್ ಕಡ್ಡಿಗಳ ಪೆಟ್ಟಿಗೆ ಹೊತ್ತು ನಾನೇ ಹೋದೆ. ಗೌನು, ಟೋಪಿ, ಮಾಸ್ಕು ಹಾಕಿಕೊಂಡು ಬಕೆಟ್ಟು, ಮಾಪಿನ ಬಟ್ಟೆ, ಟ್ರಾಲಿಯ ಅಂಚು, ಮಂಚದ ಕಂಬಿ, ಸಿಂಕಿನ ನಲ್ಲಿ, ಒಂದೊಂದನ್ನೂ ಒರೆಸಿ ಕಡ್ಡಿಯನ್ನು ಟ್ಯೂಬಿಗೆ ಹಾಕುತ್ತಾ ಬಂದೆ. ಲೆಕ್ಕಕ್ಕೆ ಅದು ನಾನು ಸಾವಿರ ಸಲ ಮಾಡಿದ ಕೆಲಸ. ಆದರೆ ಮಂಚದ ಕಂಬಿಯ ಆಚೆ ಒಬ್ಬ ಮನುಷ್ಯ ಮಲಗಿರುತ್ತಾನೆ ಎಂಬುದು ಪ್ಲೇಟಿನಲ್ಲಿ ಕಾಣಿಸುವುದಿಲ್ಲ. ನಾಲ್ಕನೇ ಮಂಚದ ಹತ್ತಿರ ಬಂದಾಗ ಮಾಸ್ಕಿನೊಳಗೂ ಆ ಸಿಹಿ ವಾಸನೆ ಬಂತು. ಅಲ್ಲೇ ನಿಂತುಬಿಟ್ಟೆ.

ಮಂಚದ ಮೇಲಿದ್ದವರು ಒಂದು ಸಸ್ಯಾಹಾರಿ ಹೋಟೆಲಿನ ಅಡುಗೆಯವರು. ಪೊಂಗಲ್ ದಿನದ ನೂಕುನುಗ್ಗಲಿನಲ್ಲಿ ಸಾಂಬಾರಿನ ಕೊಪ್ಪರಿಗೆ ಇಳಿಸುವಾಗ ಕಾಲು ಜಾರಿ, ಹೊಟ್ಟೆಯಿಂದ ಕೆಳಗೆ ಬೆಂದುಹೋಗಿದ್ದರು. ಪಕ್ಕದಲ್ಲಿ ನಿಂತಿದ್ದ ಡಾಕ್ಟರು ಬಾಗಿಲಾಚೆಯ ಹೆಂಗಸಿನ ಕಡೆ ಕೈ ಮಾಡಿ ಸಿಸ್ಟರಿಗೆ ಏನೋ ಹೇಳುತ್ತಿದ್ದರು. ಸಿಸ್ಟರ್ ನನ್ನ ಕಡೆ ತಿರುಗಿದರು.

"ಮೇಡಂ, ಉಂಗಳುಕ್ಕು ಕನ್ನಡಂ ತೆರಿಯುಂಲ್ಲೆ?" ನಿಮಗೆ ಕನ್ನಡ ಬರುತ್ತದಲ್ಲ ಎಂದು. ಆ ಹೆಂಗಸು ಇವರ ಹೆಂಡತಿಯಂತೆ. ಊರಿನಿಂದ ಬಂದು ಮೂರೇ ದಿನ. ತಮಿಳು ಒಂದಕ್ಷರ ಬರುವುದಿಲ್ಲ. ಹೋಟೆಲಿನವರು ಸಂಜೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಡಾಕ್ಟರು ಹೇಳುವುದನ್ನು ಸ್ವಲ್ಪ ತಿಳಿಸಿಕೊಡಿ ಎಂದರು.

ಯಾವ ದೇವರು ನನ್ನನ್ನು ಹೀಗೆ ಹಿಡಿದು ತಂದು ನಿಲ್ಲಿಸಿತೋ! ಇಲ್ಲ ಅನ್ನಲು ಬಾಯಿ ಬರಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಮೂವತ್ತು ದಾಟಿರಲಿಕ್ಕಿಲ್ಲ. ಕಾಲ ಬಳಿ ಒಂದು ಬಟ್ಟೆಚೀಲ, ಬಿಸಿನೀರಿನ ಫ್ಲಾಸ್ಕು. ಜೊತೆಗೆ ಬಂದ ಡಾಕ್ಟರು ಹೇಳಿದ್ದನ್ನು ನಾನು ಹೇಳಿದೆ: ಗಾಯಕ್ಕೆ ಸೋಂಕು ತಗಲಿದೆ, ಬೇರೆ ಔಷಧಿ ಶುರು ಮಾಡುತ್ತಾರೆ, ಮುಂದಿನ ಎರಡು ಮೂರು ದಿನ ಮುಖ್ಯ.

"ನೀವು ಯಾವ ಊರಿನವರು ಮೇಡಂ? ನಿಮ್ಮ ಕನ್ನಡ ನಂಗೆ ಅರ್ಧ ಗೊತ್ತಾಗುದಿಲ್ಲ," ಎಂದು ಅಷ್ಟು ಸಂಕಟದಲ್ಲೂ ಚೂರು ನಕ್ಕಳು.

"ಧಾರವಾಡದ ಕಡೆಯಾಕಿ. ತಿಳೀಲಿಲ್ಲ ಅಂದ್ರ ಕೇಳು ತಂಗಿ, ಮತ್ತ ಹೇಳ್ತೀನಿ."

"ಸೋಂಕು ಅಂದ್ರೆ ಕೀವಾ?"

"ಹೂಂ, ಹಂಗ."

"ಬಂದ ದಿನ ಇರ್ಲಿಲ್ಲ ಅಲ್ಲ? ಬರೀ ಸುಟ್ಟದ್ದು ಇತ್ತು. ಕೀವು ಎಲ್ಲಿಂದ ಬಂತು?"

ಡಾಕ್ಟರು, ಏನು ಕೇಳುತ್ತಿದ್ದಾರೆ ಎಂದು ನನ್ನನ್ನು ನೋಡಿದರು. ಪ್ರಶ್ನೆಯನ್ನು ತಮಿಳಿಗೆ ತಿರುಗಿಸಿದೆ. ಸುಟ್ಟಗಾಯಕ್ಕೆ ಸೋಂಕು ಎಲ್ಲಿಂದ ಬೇಕಾದರೂ ಬರಬಹುದು, ಗಾಳಿಯಿಂದ, ನೀರಿನಿಂದ, ರೋಗಿಯ ಮೈಯಿಂದಲೇ ಬರಬಹುದು ಎಂದರು. ಅದನ್ನು ಕನ್ನಡಕ್ಕೆ ತಿರುಗಿಸಿದೆ. ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಕಳೆಯಲಿಲ್ಲ. ಅವಳು ತಲೆಯಾಡಿಸಿ ನನ್ನ ಕೈ ಹಿಡಿದುಕೊಂಡು, "ನೀವು ಸಿಕ್ಕಿದ್ದು ದೊಡ್ಡ ಉಪಕಾರ ಆಯ್ತು," ಎಂದಳು. ಕೈ ಕಿತ್ತುಕೊಂಡು ಓಡಿಬಿಡೋಣ ಎನ್ನಿಸಿತು.

ಆಮೇಲೆ ದಿನಾ ಮಧ್ಯಾಹ್ನ ಹೋಗತೊಡಗಿದೆ. ಲ್ಯಾಬಿನಲ್ಲಿ ಸ್ವಾಬ್ ಎಂದು ಹೇಳುತ್ತಿದ್ದೆ. ಹೋಗುತ್ತಿದ್ದದ್ದು ಅವಳ ಮಾತನ್ನು ಡಾಕ್ಟರಿಗೆ, ಡಾಕ್ಟರ ಮಾತನ್ನು ಅವಳಿಗೆ ಸಾಗಿಸಲು. ಜ್ವರ ಇಳಿಯಲಿಲ್ಲ ಎಂದು ಹೇಳಿದೆ. ಕಿಡ್ನಿಗೆ ತೊಂದರೆಯಾಗಿದೆ ಎಂದು ಹೇಳಿದೆ. ಅವಳು ಊರಿನ ಸುದ್ದಿ ಹೇಳುತ್ತಿದ್ದಳು. ಗಂಡ ಪ್ರತಿ ಸಲ ಊರಿಗೆ ಬಂದಾಗಲೂ ಮನೆಯಲ್ಲಿ ಅಡುಗೆಮನೆಗೆ ಕಾಲಿಡುವುದಿಲ್ಲ, ಇವಳು ಮಾಡಿದ ಗಂಜಿಯನ್ನೇ ಉಂಡು ಹೊಗಳುತ್ತಾರೆ ಎಂದು ನಗುತ್ತಿದ್ದಳು.

ಸ್ವಾಬಿನ ಫಲಿತಾಂಶ ಬಂತು. ಬಕೆಟ್ಟಿನಲ್ಲಿ ಸ್ಯೂಡೊಮೊನಾಸ್ ಇತ್ತು. ನಮ್ಮ ನೀರು ತುಂಬಿದ್ದ ಬಕೆಟ್ಟಿನಲ್ಲೇ ಬದುಕಿತ್ತು. ಟ್ರಾಲಿಯಲ್ಲೂ ಇತ್ತು. ನಾಲ್ಕನೇ ಮಂಚದ ಗಾಯದಿಂದ ತೆಗೆದದ್ದರ ಜೊತೆ ಹೋಲಿಸಿದೆ. ಯಾವ ಔಷಧಿಗೆ ಜಗ್ಗುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂಬ ಪಟ್ಟಿ ಎರಡಕ್ಕೂ ಒಂದೇ. ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ಸಿಂಕಿನ ನಲ್ಲಿಯದ್ದರ ಪಟ್ಟಿಯೂ ಅದೇ ಆಗಿತ್ತು. ಸಿಸ್ಟರ್ ವಾರ್ಡಿನ ಹಳೆಯ ಪರೀಕ್ಷೆಗಳ ರಿಜಿಸ್ಟರ್ ತೆಗೆದು ತೋರಿಸಿದರು. ನಮ್ಮ ಕ್ಯಾನುಗಳು ಹೋಗುವುದಕ್ಕೆ ಮುಂಚೆಯೂ ಆ ನಲ್ಲಿಯಲ್ಲಿ ಆ ಪ್ರಾಣಿ ಇತ್ತು. ಹಳೆಯ ಸೋಂಕುನಾಶಕ ಅದನ್ನು ನಲ್ಲಿಯಲ್ಲೇ ತಡೆದಿಟ್ಟಿತ್ತೋ, ನಮ್ಮದು ಅದನ್ನು ಬಕೆಟ್ಟಿನಲ್ಲಿ ಹೊತ್ತುಕೊಂಡು ಮಂಚದಿಂದ ಮಂಚಕ್ಕೆ ಹಂಚಿತೋ, ಅಥವಾ ಇದ್ಯಾವುದೂ ಇಲ್ಲದೆ ನಲ್ಲಿಯಿಂದ ಯಾರದೋ ಕೈಗೆ ಬಂದು ಗಾಯಕ್ಕೆ ಹೋಯಿತೋ, ಯಾವ ಪರೀಕ್ಷೆಯೂ ಹೇಳಲಾರದು.

ಡೈರೆಕ್ಟರ್ ಇದನ್ನು ಓದಿ ನಿಟ್ಟುಸಿರು ಬಿಟ್ಟರು. ಆಸ್ಪತ್ರೆಗೆ ಎಲ್ಲವನ್ನೂ ಬರೆದು ಕಳಿಸಿದರು, ಮುಚ್ಚಿಡಲಿಲ್ಲ, ಅದನ್ನು ಒಪ್ಪಲೇಬೇಕು. ಆದರೆ ನನ್ನನ್ನು ಕರೆದು, ರೋಗಿಗಳ ಕಡೆಯವರ ಹತ್ತಿರ ಒಂದು ಮಾತೂ ಬೇಡ, ಅದು ಆಸ್ಪತ್ರೆಗೆ ಬಿಟ್ಟಿದ್ದು, ಮಾತಾಡಿದರೆ ಕೆಲಸದ ವಿಷಯ ನೋಡಬೇಕಾಗುತ್ತದೆ ಎಂದರು. ಕೆಮಿಸ್ಟ್ ಪಕ್ಕದಲ್ಲೇ ನಿಂತಿದ್ದರು. ಹೊರಗೆ ಬಂದಮೇಲೆ ನನ್ನ ಮುಖ ನೋಡಿ, "ನೀ ಹೇಳ್ತಿ, ನಂಗೊತ್ತುಂಟು," ಎಂದರು. ಬೇಡ ಎನ್ನಲಿಲ್ಲ.

ಮಧ್ಯಾಹ್ನ ಬೆಂಚಿನ ಮೇಲೆ ಅವಳ ಪಕ್ಕ ಕೂತೆ. ಡಾಕ್ಟರು ಬಂದು, ಸೋಂಕು ರಕ್ತಕ್ಕೆ ಸೇರಿದೆ ಎಂದು ಹೇಳಿ ಹೋದರು. ನಾನು ಅದನ್ನು ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ನಾನು ಮಾತು ನಿಲ್ಲಿಸಲಿಲ್ಲ.

"ತಂಗಿ, ಇನ್ನೊಂದು ಅದ. ಇಲ್ಲಿ ನೆಲಾ, ಮಂಚಾ ಒರಸೋ ನೀರಿಗೆ ಒಂದು ಔಷಧಿ ಹಾಕ್ತಿದ್ರು. ಕೀವು ಮಾಡೋ ಹುಳಾ ಅದರಿಂದ ಸಾಯ್ತಾವ ಅಂತ ಬರದು ಕೊಟ್ಟಿದ್ರು. ಅದು ಸುಳ್ಳಾತು. ಅವು ಸತ್ತಿದ್ದಿಲ್ಲ. ಗೊತ್ತಾದ ಮ್ಯಾಲೂ ಒಂದು ದಿನ ಸುಮ್ಮನಿದ್ರು. ಆ ಒಂದು ದಿನ ನಿನ್ನ ಗಂಡನ ಮಂಚಾನೂ ಅದರಿಂದನ ಒರಸ್ಯಾರ. ಅದರಿಂದನ ಹಿಂಗಾತು ಅಂತ ಹೇಳಾಕ ಬರೂದಿಲ್ಲ. ಅಲ್ಲ ಅಂತನೂ ಹೇಳಾಕ ಬರೂದಿಲ್ಲ."

ಅವಳು ನಿಧಾನವಾಗಿ ಕೇಳಿಸಿಕೊಂಡಳು. ಕೆಲವು ಮಾತು ಎರಡು ಸಲ ಹೇಳಿಸಿದಳು. ನಂತರ ಡಾಕ್ಟರು ಹೋದ ಬಾಗಿಲಿನ ಕಡೆ ನೋಡಿದಳು.

"ಇದು ಡಾಕ್ಟ್ರು ಹೇಳಿ ಅಂದದ್ದಾ?"

"ಅಲ್ಲ. ಇದು ನನ್ನ ಮಾತು. ಬರದು ಕೊಟ್ಟಾಕಿ ನಾನ. ಆ ದಿನಾ ಸುಮ್ಮನಿದ್ದಾಕಿನೂ ನಾನ."

ಬೈಯಲಿ ಎಂದು ಕಾದೆ. ಹೊಡೆದರೂ ಹೊಡೆಸಿಕೊಳ್ಳುತ್ತಿದ್ದೆ. ಅವಳು ನನ್ನ ಮುಖವನ್ನೇ ನೋಡುತ್ತಾ ಕೂತಳು, ನಾಲ್ಕು ದಿನ ಕೈ ಹಿಡಿದುಕೊಂಡು ಮಾತಾಡಿದವಳು ಇವಳೇನಾ ಎಂಬಂತೆ. ಕಡೆಗೆ ಬಟ್ಟೆಚೀಲ, ಫ್ಲಾಸ್ಕು ಎತ್ತಿಕೊಂಡು ಎದುರಿನ ಬೆಂಚಿಗೆ ಹೋಗಿ ಕೂತಳು.

"ನಾಳೆಯಿಂದ ನೀವು ಬರುದು ಬೇಡ," ಎಂದಳು.

ಹೋಗಲಿಲ್ಲ. ಲ್ಯಾಬಿನಲ್ಲಿ ನ್ಯೂಟ್ರಲೈಸರಿನ ಪರೀಕ್ಷೆಗಳನ್ನು ಒಂದೊಂದು ಕಾಂಪೌಂಡಿಗೂ ಮೊದಲಿನಿಂದ ಮಾಡುತ್ತಾ ಕೂತೆ. ಎಂಟಕ್ಕೆ, ಹತ್ತಕ್ಕೆ, ಹನ್ನೆರಡಕ್ಕೆ, ಹದಿನಾಲ್ಕಕ್ಕೆ. ಯಾರೂ ಕೇಳಿರಲಿಲ್ಲ. ಖಾಲಿ ಪ್ಲೇಟು ಕಂಡರೆ ನಂಬಿಕೆ ಬರುತ್ತಿರಲಿಲ್ಲ. ಓದಿದ ಮೇಲೂ ಎಸೆಯದೆ ಮತ್ತೆ ಒಳಗಿಡುತ್ತಿದ್ದೆ, ಎರಡು ದಿನ, ಮೂರು ದಿನ. ಬೆಳಿಗ್ಗೆ ಇನ್‌ಕ್ಯುಬೇಟರಿನ ಬಾಗಿಲು ತೆಗೆಯುವ ಮುಂಚೆ ಉಸಿರು ಬಿಗಿಹಿಡಿಯುತ್ತಿದ್ದೆ. ಮನೆಗೆ ಹೋಗುವ ದಾರಿಯಲ್ಲಿ ಹಣ್ಣಿನ ಗಾಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆ. ಕೆಮಿಸ್ಟ್ ಮೇಲೆ ಬರುವುದನ್ನೇ ಬಿಟ್ಟಿದ್ದರು. ಒಂದು ದಿನ ಮಾತ್ರ ಬಂದು 'ಹೇಗಿದ್ದಾರೆ?' ಎಂದು ಕೇಳಿದರು. ಗೊತ್ತಿಲ್ಲ ಎಂದೆ.

ಐದನೇ ದಿನ ಊಟದ ಹೊತ್ತಿಗೆ ಸಿಸ್ಟರ್ ಫೋನ್ ಮಾಡಿದರು. ಆ ದೊಡ್ಡ ದನಿ ಅವತ್ತು ತೀರಾ ಸಣ್ಣಗಿತ್ತು. "ಮೇಡಂ, ಅಂದ ಅಮ್ಮಾ ಉಂಗಳೈತ್ತಾನ್ ಕೇಕ್ಕುರಾಂಗ." ಆ ಹೆಂಗಸು ನಿಮ್ಮನ್ನೇ ಕೇಳುತ್ತಿದ್ದಾಳೆ ಎಂದು. ಆಟೊದಲ್ಲಿ ಕೂತಾಗ ಗ್ಲೌಸು ಕೈಯಲ್ಲೇ ಇತ್ತು.

ಅದೇ ಬೆಂಚಿನ ಮೇಲೆ ಕೂತಿದ್ದಳು. ಡಾಕ್ಟರು ಮಾಸ್ಕು ಇಳಿಸಿ, ಬೆಳಿಗ್ಗೆಯಿಂದ ಏನೇನು ಮಾಡಿದರು, ಎಷ್ಟು ಹೊತ್ತಿಗೆ ಹೃದಯ ನಿಂತಿತು ಎಂದೆಲ್ಲ ನನಗೆ ಹೇಳಿ, ಇನ್ನು ನೀವು ಹೇಳಿ ಎಂಬಂತೆ ಒಂದು ಹೆಜ್ಜೆ ಹಿಂದೆ ಸರಿದು ನಿಂತರು. ನಾನು ಅವಳ ಕಡೆ ತಿರುಗಿದೆ.

"ಡಾಕ್ಟರ್ ಏನಂದ್ರು ಅಂದ್ರ..."

ಅವಳು ಕೈ ಎತ್ತಿದಳು. "ಅವರು ಹೇಳಿದ್ದು ಬೇಡ. ನೀವು ಹೇಳಿ."

ನೆಲದ ಮೇಲೆ, ಅವಳ ಕಾಲ ಹತ್ತಿರ ಕೂತೆ. "ನಿನ್ನ ಗಂಡ ತೀರಿಕೊಂಡ್ರು ತಂಗಿ," ಎಂದೆ.

ಅಳಲಿಲ್ಲ. ಅತ್ತು ಮುಗಿಸಿದ್ದಳೋ ಏನೋ. ಚೀಲದಿಂದ ಫೋನು ತೆಗೆದು, ಒಂದು ನಂಬರ್ ಒತ್ತಿ, ನನ್ನ ಕೈಗೆ ಕೊಟ್ಟಳು.

"ಇವರ ಅಮ್ಮ. ಊರಲ್ಲಿ ಕಾಯ್ತಿದ್ದಾರೆ. ಅವತ್ತು ನಂಗೆ ಹೇಳಿದ್ರಲ್ಲ, ಎಲ್ಲ ಅವರಿಗೂ ಹೇಳಿ. ನನ್ನ ಬಾಯಿಂದ ಆಗುದಿಲ್ಲ."

ಫೋನು ಕಿವಿಗಿಟ್ಟೆ. ಎರಡು ಸಲ ರಿಂಗಾಯಿತು. ಆ ಕಡೆಯಿಂದ ಒಂದು ಮುದಿ ದನಿ, "ಹೇಳು ಮಗಾ," ಎಂದಿತು.